ಹೂಚಿತ್ರದಲ್ಲಿ ಕಾಲವನ್ನು ಓದುವುದು ಹೇಗೆ: 17ನೇ ಶತಮಾನದ ಡಚ್ ಹೂದಾನಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಚ್ ಹೂಚಿತ್ರಗಳ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಒಂದು ಪಟ್ಟಿ. ಗುಲಾಬಿ ಅಂದ್ರೆ ಪ್ರೀತಿ, ಲಿಲ್ಲಿ ಅಂದ್ರೆ ಶುದ್ಧತೆ, ಗಸಗಸೆ ಹೂ ಅಂದ್ರೆ ನಿದ್ದೆ ಅಥವಾ ಸಾವು, ಚಿಟ್ಟೆ ಅಂದ್ರೆ ಆತ್ಮ. ಪಟ್ಟಿ ಸುಳ್ಳೇನಲ್ಲ. ಆದರೆ ಅದನ್ನು ಹಿಡಿದುಕೊಂಡು ಚಿತ್ರದ ಮುಂದೆ ಕೂತರೆ ಐದು ನಿಮಿಷದಲ್ಲಿ ಎಲ್ಲ ಹೂವಿಗೂ ಒಂದೊಂದು ಚೀಟಿ ಅಂಟಿಸಿ ಎದ್ದು ಬಿಡುತ್ತೇವೆ. ಚಿತ್ರವನ್ನು ನೋಡಿರುವುದೇ ಇಲ್ಲ.

ಈ ಮಾರ್ಗದರ್ಶಿಯ ಕ್ರಮ ಬೇರೆ. ಈ ಚಿತ್ರಗಳಲ್ಲಿ ಕಾಲ ಕಣ್ಣಿಗೇ ಕಾಣುತ್ತದೆ. ಎಸಳು ಬಾಗಿದೆ, ಎಲೆಗೆ ತೂತು ಬಿದ್ದಿದೆ, ಗಡಿಯಾರದ ಮುಚ್ಚಳ ತೆರೆದಿದೆ, ಬಣ್ಣವೇ ಮಾಸಿದೆ. ಇದನ್ನೆಲ್ಲ ಮೊದಲು ನೋಡೋಣ. ಸಾವು, ಆತ್ಮ, ಪುನರುತ್ಥಾನ ಅನ್ನೋ ಅರ್ಥಗಳನ್ನು ಆಮೇಲೆ ಕೇಳೋಣ. ಹೀಗೆ ಮಾಡಿದರೆ ಯಾವ ಅರ್ಥ ಚಿತ್ರದಲ್ಲಿ ನಿಜವಾಗಿ ಇದೆ, ಯಾವುದನ್ನು ನಾವು ಹೊರಗಿನಿಂದ ತಂದು ತುರುಕುತ್ತಿದ್ದೇವೆ ಅನ್ನೋದು ಸುಲಭವಾಗಿ ಗೊತ್ತಾಗುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ಪೆನ್ಸಿಲ್, ಆದಷ್ಟು ದೊಡ್ಡ ಸ್ಕ್ರೀನ್. ಮೊಬೈಲ್‌ನಲ್ಲಿ ಚಿತ್ರದೊಳಗಿನ ಪುಟ್ಟ ಇರುವೆ ಕಾಣುವುದಿಲ್ಲ.

ಹಂತ 1: ಚಿತ್ರ ಆರಿಸಿ, ಮ್ಯೂಸಿಯಂನ ಸೈಟ್‌ನಲ್ಲೇ ತೆರೆಯಿರಿ

ಪೋಸ್ಟರ್ ಮಾರುವ ಸೈಟ್‌ಗಳಲ್ಲಿ ಸಿಗುವ ಪ್ರತಿಗಳಲ್ಲಿ ಬಣ್ಣ ಕೆಟ್ಟಿರುತ್ತದೆ, ಅಂಚು ಕತ್ತರಿಸಿರುತ್ತದೆ. ಈ ಚಿತ್ರಗಳಲ್ಲಿ ಅಂಚೇ ಮುಖ್ಯ, ಯಾಕೆಂದರೆ ಉದುರಿದ ಎಸಳು ಬಿದ್ದಿರುವುದು ಅಲ್ಲೇ. ದೊಡ್ಡ ಮ್ಯೂಸಿಯಂಗಳು ತಮ್ಮ ಸೈಟ್‌ನಲ್ಲಿ ಚೆನ್ನಾಗಿ ಜೂಮ್ ಆಗುವ ಫೋಟೋ ಇಟ್ಟಿವೆ, ಅದನ್ನೇ ಬಳಸಿ.

ಶುರು ಮಾಡಲು ನನ್ನ ಆಯ್ಕೆ ನಾಲ್ಕು. ಒಂದು, ಆಂಬ್ರೋಸಿಯಸ್ ಬೊಸ್ಕಾರ್ಟ್ ಸುಮಾರು 1618ರಲ್ಲಿ ಬರೆದ, ಕಿಟಕಿಯಲ್ಲಿಟ್ಟ ಹೂದಾನಿಯ ಚಿತ್ರ. ಎರಡು, ವಿಲೆಮ್ ವಾನ್ ಆಲ್ಸ್ಟ್ 1663ರಲ್ಲಿ ಬರೆದ, ಜೇಬು ಗಡಿಯಾರ ಇರುವ ಹೂಚಿತ್ರ. ಇವೆರಡೂ ಹೇಗ್ ನಗರದ ಮೌರಿಟ್ಸ್‌ಹಾಯ್ಸ್ ಮ್ಯೂಸಿಯಂನಲ್ಲಿವೆ. ಮೂರನೆಯದು ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿರುವ ಮರಿಯಾ ವಾನ್ ಊಸ್ಟರ್‌ವೈಕ್ ಅವರ 1668ರ ಚಿತ್ರ. ನಾಲ್ಕನೆಯದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಜಾಕ್ ಡೆ ಗೇನ್‌ನ 1603ರ ಚಿತ್ರ.

ಮೊದಲ ಸಲ ಬೊಸ್ಕಾರ್ಟ್‌ನನ್ನು ತೆಗೆದುಕೊಳ್ಳಿ. ಅವನ ಚಿತ್ರದಲ್ಲಿ ತಲೆಬುರುಡೆ ಇಲ್ಲ, ಗಡಿಯಾರ ಇಲ್ಲ. ಸಾವನ್ನು ತೋರಿಸುವ ದೊಡ್ಡ ಗುರುತು ಯಾವುದೂ ಇಲ್ಲದಿದ್ದಾಗ ಕಣ್ಣು ಚುರುಕಾಗುತ್ತದೆ.

ಹಿನ್ನೆಲೆ ಎರಡೇ ಮಾತಿನಲ್ಲಿ. 16ನೇ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಚಳವಳಿ ಬಂದ ಮೇಲೆ ಉತ್ತರ ನೆದರ್ಲೆಂಡ್ಸ್‌ನ ಚರ್ಚುಗಳಿಂದ ಸಂತರ ಚಿತ್ರಗಳು ಹೊರಬಿದ್ದವು. ಚಿತ್ರಕಾರರಿಗೆ ಚರ್ಚಿನ ಕೆಲಸ ಕಡಿಮೆಯಾಯಿತು, ದುಡ್ಡಿರುವ ವ್ಯಾಪಾರಿಗಳ ಮನೆಗೋಡೆ ಹೊಸ ಮಾರುಕಟ್ಟೆ ಆಯಿತು. ಧರ್ಮದ ಮಾತು ಹೂವು, ಹಣ್ಣು, ಊಟದ ಮೇಜುಗಳ ಒಳಗೆ ಸೇರಿಕೊಂಡಿತು. ಬದುಕು ಕ್ಷಣಿಕ, ಆಸ್ತಿ ಅಂತಸ್ತು ವ್ಯರ್ಥ ಎಂದು ನೆನಪಿಸುವ ಚಿತ್ರಗಳಿಗೆ ವನಿಟಾಸ್ ಅನ್ನೋ ಹೆಸರೇ ಬಿತ್ತು. ಎಲ್ಲ ಹೂಚಿತ್ರವೂ ವನಿಟಾಸ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಅನ್ನೋ ತಕರಾರು ಇವತ್ತಿಗೂ ಮುಗಿದಿಲ್ಲ. ಅದಕ್ಕೆ ಹಂತ 6ರಲ್ಲಿ ಬರೋಣ.

ಹಂತ 2: ಹೂವಿನ ವಯಸ್ಸು ಬರೆದುಕೊಳ್ಳಿ

ನೋಟ್‌ಬುಕ್‌ನಲ್ಲಿ ಎರಡು ಗೆರೆ ಎಳೆದು ಮೂರು ಭಾಗ ಮಾಡಿ: ಮೊಗ್ಗು, ಅರಳಿದ್ದು, ಬಾಡಿದ್ದು. ಹೂವಿನ ಹೆಸರು ಗೊತ್ತಿಲ್ಲದಿದ್ದರೆ ಬೇಡ. "ಮೇಲಿನ ಕೆಂಪು", "ಎಡಗಡೆ ಬಿಳಿ" ಅಂತ ಬರೆದರೂ ಸಾಕು. ಚಿತ್ರದ ಮೇಲ್ತುದಿಯಿಂದ ಶುರು ಮಾಡಿ ಗಡಿಯಾರದ ಮುಳ್ಳಿನ ಹಾಗೆ ಒಂದು ಸುತ್ತು ಹಾಕಿ. ಆಮೇಲೆ ನಡುವೆ ಬನ್ನಿ. ಕೊನೆಗೆ ಹೂದಾನಿ ಇಟ್ಟಿರುವ ಕಟ್ಟೆ.

ಟ್ಯುಲಿಪ್ ಹೂವಿನ ವಯಸ್ಸು ಕಂಡುಹಿಡಿಯುವುದು ಅಷ್ಟೇನೂ ಕಷ್ಟ ಅಲ್ಲ. ಎಳೆಯದಾದರೆ ಎಸಳುಗಳು ಮೊಟ್ಟೆಯಾಕಾರದಲ್ಲಿ ಬಿಗಿಯಾಗಿ ಮುಚ್ಚಿರುತ್ತವೆ, ಬುಡದಲ್ಲಿ ಇನ್ನೂ ಸ್ವಲ್ಪ ಹಸಿರು ಇರುತ್ತದೆ. ಹರೆಯದ್ದಾದರೆ ಬಟ್ಟಲಿನ ಹಾಗೆ ತೆರೆದಿರುತ್ತದೆ. ಮುದಿಯಾದರೆ ಎಸಳು ಹೊರಕ್ಕೆ ಮಗುಚಿ, ಒಳಗಿನ ಕಪ್ಪು ಕೇಸರ ಪೂರ್ತಿ ಕಾಣುತ್ತದೆ, ಒಂದು ಎಸಳು ಇನ್ನೇನು ಬೀಳುವ ಹಾಗೆ ಜೋತಾಡುತ್ತದೆ. ಒಬ್ಬ ಒಳ್ಳೆಯ ಡಚ್ ಚಿತ್ರಕಾರ ಒಂದೇ ಗುಚ್ಛದಲ್ಲಿ ಈ ಮೂರನ್ನೂ ಇಡುತ್ತಾನೆ. ಒಂದು ಹೂವಿನ ಇಡೀ ಜೀವಮಾನ ಒಂದೇ ಹೂದಾನಿಯಲ್ಲಿ ಹರಡಿದ ಹಾಗೆ.

ಗುಲಾಬಿಯಲ್ಲಿ ತಲೆಯ ಭಂಗಿ ನೋಡಿ. ಭಾರಕ್ಕೆ ಕತ್ತು ಬಗ್ಗಿ ಹೂವಿನ ಬೆನ್ನು ನಮಗೆ ಕಾಣುತ್ತಿದ್ದರೆ ಅದು ಮುಗಿಯುತ್ತಿರುವ ಹೂ. ಗಸಗಸೆ ಹೂವಿನದು ಇನ್ನೂ ಚಿಕ್ಕ ಬದುಕು. ನಾವು ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ ಅದು. ಅರಳಿದ ಒಂದೆರಡು ದಿನಕ್ಕೆ ಎಸಳು ಉದುರಿ, ಬೀಜದ ಕಾಯಿ ಮಾತ್ರ ನಿಲ್ಲುತ್ತದೆ. ಚಿತ್ರದಲ್ಲಿ ಅದು ಪೂರ್ತಿ ಅರಳಿ ನಿಂತಿದ್ದರೆ, ನಾಳೆ ಏನಾಗುತ್ತದೆ ಅನ್ನೋದು ಆ ಕಾಲದ ನೋಡುಗರಿಗೆ ಯಾರೂ ಹೇಳಬೇಕಿರಲಿಲ್ಲ.

ಕೊನೆಗೆ ಕಟ್ಟೆ. ಎಷ್ಟು ಎಸಳು ಬಿದ್ದಿವೆ? ಬಿದ್ದ ಎಸಳು ಯಾವ ಹೂವಿನದು ಅಂತ ಮೇಲೆ ಹುಡುಕಿ. ಎಷ್ಟೋ ಸಲ ಉತ್ತರ ಸಿಗುತ್ತದೆ.

ನಮ್ಮ ಮನೆಗಳಲ್ಲಿ ನಿನ್ನೆಯ ಹೂವು ಬೆಳಿಗ್ಗೆಯಾದರೆ ನಿರ್ಮಾಲ್ಯ. ದೇವರ ಮೇಲಿಂದ ತೆಗೆದು ಗಿಡದ ಬುಡಕ್ಕೋ ಹರಿಯುವ ನೀರಿಗೋ ಹಾಕುತ್ತೇವೆ, ಬಾಡಿದ್ದನ್ನು ಕಣ್ಣಮುಂದೆ ಇಟ್ಟುಕೊಳ್ಳುವ ರೂಢಿ ಇಲ್ಲ. ಅದಕ್ಕೇ ಇರಬೇಕು, ಈ ಚಿತ್ರಗಳನ್ನು ನಾವು ಮೊದಲು ನೋಡಿದಾಗ ಬಾಡಿದ ಹೂವುಗಳ ಮೇಲೆ ಕಣ್ಣು ನಿಲ್ಲುವುದಿಲ್ಲ, ಹಾದುಹೋಗುತ್ತದೆ. ಬೇಕೆಂದೇ ನಿಲ್ಲಿಸಬೇಕು.

ಹಂತ 3: ಕ್ಯಾಲೆಂಡರ್ ಹಿಡಿದು ಪರೀಕ್ಷೆ ಮಾಡಿ

ಇದು ನನಗೆ ಅತಿ ಇಷ್ಟವಾದ ಹಂತ. ಹೂವುಗಳ ಹೆಸರು ಗುರುತಿಸಲು ಮ್ಯೂಸಿಯಂನ ವಿವರಣೆ ಸಹಾಯ ಮಾಡುತ್ತದೆ. ಗುರುತಿಸಿದ ಮೇಲೆ ಪ್ರತಿಯೊಂದರ ಪಕ್ಕ ಅದು ನೆದರ್ಲೆಂಡ್ಸ್‌ನಲ್ಲಿ ಅರಳುವ ತಿಂಗಳು ಬರೆಯಿರಿ. ಅಂದಾಜು ಹೀಗೆ: ಸ್ನೋಡ್ರಾಪ್ ಫೆಬ್ರವರಿ ಸುಮಾರಿಗೆ, ಡ್ಯಾಫಡಿಲ್ ಮಾರ್ಚ್‌-ಏಪ್ರಿಲ್, ಟ್ಯುಲಿಪ್ ಏಪ್ರಿಲ್‌-ಮೇ, ಐರಿಸ್ ಮತ್ತು ಪಿಯೊನಿ ಮೇ-ಜೂನ್, ಗುಲಾಬಿ ಮತ್ತು ಗಸಗಸೆ ಜೂನ್‌-ಜುಲೈ, ಕಾರ್ನೇಷನ್ ಬೇಸಿಗೆ ನಡುವೆ, ಸೂರ್ಯಕಾಂತಿ ಮತ್ತು ಚೆಂಡುಹೂವು ಜುಲೈ ದಾಟಿ ಚಳಿ ಶುರುವಾಗುವ ತನಕ. ಚೆಂಡುಹೂವು ನೋಡಿ ಆಶ್ಚರ್ಯಪಡಬೇಡಿ. ಅದು ಮೂಲದಲ್ಲಿ ಮೆಕ್ಸಿಕೋ ಕಡೆಯದು. ಯುರೋಪಿಗೂ ನಮಗೂ ಹಡಗಿನಲ್ಲೇ ಬಂದದ್ದು.

ಈಗ ಪಟ್ಟಿ ನೋಡಿ. ಮಾರ್ಚ್‌ನ ಹೂವೂ ಆಗಸ್ಟ್‌ನ ಹೂವೂ ಒಂದೇ ಹೂದಾನಿಯಲ್ಲಿ ಇರುತ್ತವೆ! ಫ್ರಿಜ್ ಇಲ್ಲ, ವಿಮಾನದಲ್ಲಿ ಹೂ ಬರುವ ಕಾಲ ಅಲ್ಲ. ಅಂದರೆ ಈ ಗುಚ್ಛ ಯಾರ ಮನೆಯಲ್ಲೂ ಯಾವತ್ತೂ ಇರಲಿಲ್ಲ. ಚಿತ್ರದಲ್ಲಿ ಮಾತ್ರ ಇದೆ.

ಇದನ್ನು ಹೇಗೆ ಮಾಡುತ್ತಿದ್ದರು? ಎರಡು ದಾರಿ. ಕೆಲವರು ಹೂವು ಸಿಕ್ಕಾಗ ಬಿಡಿಬಿಡಿಯಾಗಿ ಬರೆದಿಟ್ಟುಕೊಂಡು, ಆ ಮಾದರಿಗಳಿಂದ ಗುಚ್ಛ ಕಟ್ಟುತ್ತಿದ್ದರು. ಬೊಸ್ಕಾರ್ಟ್‌ನ ಒಂದೇ ಹೂವು ಅವನ ಬೇರೆ ಬೇರೆ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಇನ್ನು ಕೆಲವರು ಹೂವು ಅರಳುವ ತನಕ ಕಾಯುತ್ತಿದ್ದರು. ಆಂಟ್‌ವರ್ಪ್‌ನ ಹಿರಿಯ ಯಾನ್ ಬ್ರೂಗೆಲ್ ಮಿಲಾನ್‌ನ ಕಾರ್ಡಿನಲ್ ಫೆಡೆರಿಕೊ ಬೊರೊಮಿಯೊನಿಗೆ 1606ರಲ್ಲಿ ಪತ್ರ ಬರೆದು, ಆಂಟ್‌ವರ್ಪ್‌ನಲ್ಲಿ ಸಿಗದ ಹೂವುಗಳನ್ನು ನೋಡಿ ಬರೆಯಲು ಬ್ರಸೆಲ್ಸ್‌ಗೆ ಹೋಗಿದ್ದೆ ಎಂದು ತಿಳಿಸಿದ್ದ. ನೂರಕ್ಕೂ ಹೆಚ್ಚು ವರ್ಷದ ನಂತರ ಆಮ್‌ಸ್ಟರ್‌ಡ್ಯಾಮ್‌ನ ಯಾನ್ ವಾನ್ ಹಾಯ್ಸಮ್ ಇನ್ನೂ ಮೊಂಡ. ಹಳದಿ ಗುಲಾಬಿ ಸಿಗಲಿಲ್ಲ, ಅದಕ್ಕೇ ಚಿತ್ರ ಮುಗಿದಿಲ್ಲ ಎಂದು 1742ರಲ್ಲಿ ಗಿರಾಕಿಯ ಕಡೆಯವರಿಗೆ ಬರೆದ. ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ಒಂದು ಹೂಚಿತ್ರದ ಮೇಲೆ 1736, 1737 ಎಂದು ಎರಡು ಇಸವಿ ಇವೆ. ಒಂದು ವಸಂತದಲ್ಲಿ ತಪ್ಪಿಹೋದ ಹೂವಿಗೆ ಮುಂದಿನ ವಸಂತದ ತನಕ ಕಾದ ಅಂತ ಊಹಿಸಿದರೆ ತಪ್ಪಾಗಲಾರದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಮಾನ್ಯವಾಗಿ ಹೂಚಿತ್ರ ಅಂದ್ರೆ "ಎಲ್ಲವೂ ಬಾಡುತ್ತದೆ" ಅನ್ನೋ ಉಪದೇಶ ಎಂದು ಹೇಳಿಬಿಡುತ್ತಾರೆ. ಆದರೆ ಕ್ಯಾಲೆಂಡರ್ ತೋರಿಸುವುದು ಉಲ್ಟಾ. ಚಿತ್ರಕಾರ ಆರೇಳು ತಿಂಗಳನ್ನು ಒಟ್ಟಿಗೆ ಎಳೆದು ತಂದು, ಯಾವುದೂ ಉದುರದ ಹಾಗೆ ಹಲಗೆಯ ಮೇಲೆ ನಿಲ್ಲಿಸಿದ್ದಾನೆ. ಚಳಿಗಾಲದ ಡಿಸೆಂಬರ್‌ನಲ್ಲೂ ಆ ವ್ಯಾಪಾರಿಯ ಗೋಡೆಯ ಮೇಲೆ ಮೇ ತಿಂಗಳು. ಹೂವು ಸಾಯುತ್ತದೆ ಅಂತ ಹೇಳುವ ಚಿತ್ರವೇ ಹೂವು ಸಾಯದ ಹಾಗೆ ನೋಡಿಕೊಳ್ಳುತ್ತದೆ. ಈ ಎಳೆದಾಟ ಯಾವ ಚಿತ್ರದಲ್ಲಿ ಜಾಸ್ತಿ ಕಾಣುತ್ತದೋ ಅದು ನನ್ನ ಮಟ್ಟಿಗೆ ದೊಡ್ಡ ಚಿತ್ರ. ಹಂತ 2ರ ಪಟ್ಟಿಯಲ್ಲಿ ಬಾಡಿದ ಹೂವೇ ಇಲ್ಲದಿದ್ದರೆ, ಆ ಚಿತ್ರಕಾರನಿಗೆ ಕಾಲವನ್ನು ಗೆಲ್ಲುವುದರಲ್ಲೇ ಹೆಚ್ಚು ಆಸಕ್ತಿ. ಬೊಸ್ಕಾರ್ಟ್‌ನಲ್ಲಿ ಹೂವುಗಳು ಬಹುಪಾಲು ಗಟ್ಟಿಯಾಗಿಯೇ ಇರುತ್ತವೆ. ಬೇಕಾದರೆ ಎಣಿಸಿ ನೋಡಿ.

ಹಂತ 4: ಪಟ್ಟೆಪಟ್ಟೆ ಟ್ಯುಲಿಪ್ ಇದ್ದರೆ ಜೂಮ್ ಮಾಡಿ

ಬಿಳಿ ಎಸಳಿನ ಮೇಲೆ ಕೆಂಪು ಬೆಂಕಿಯ ನಾಲಗೆ ಹತ್ತಿದ ಹಾಗಿರುವ ಟ್ಯುಲಿಪ್ ಈ ಚಿತ್ರಗಳ ರಾಣಿ. ಬಹಳ ಸಲ ಗುಚ್ಛದ ನೆತ್ತಿಯಲ್ಲೇ ಕೂತಿರುತ್ತದೆ. ಆ ಪಟ್ಟೆಗೆ ಕಾರಣ ಒಂದು ವೈರಸ್. ಸಸ್ಯಹೇನು ಗೆಡ್ಡೆಯಿಂದ ಗೆಡ್ಡೆಗೆ ಹರಡುವ ರೋಗ ಅದು. ರೋಗ ಹತ್ತಿದ ಹೂವಿನಲ್ಲಿ ಬಣ್ಣ ಒಂದೇ ಸಮ ಹರಡದೆ ಒಡೆದು ಪಟ್ಟೆಯಾಗುತ್ತದೆ. ಜೊತೆಗೆ ಗೆಡ್ಡೆ ಸೊರಗುತ್ತದೆ, ಮರಿಗೆಡ್ಡೆ ಕಡಿಮೆ ಬಿಡುತ್ತದೆ. ಕೊನೆಗೆ ತಳಿಯೇ ಅಳಿದುಹೋಗುತ್ತದೆ. ಆ ಕಾಲದ ಅತಿ ಹೆಸರುವಾಸಿ ತಳಿ ಸೆಂಪರ್ ಅಗಸ್ಟಸ್ ಈಗ ಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಇದು 17ನೇ ಶತಮಾನದವರಿಗೆ ಗೊತ್ತಿರಲಿಲ್ಲ. ವೈರಸ್ ಎಂದು ಖಚಿತವಾದದ್ದು 1928ರಲ್ಲಿ, ಇಂಗ್ಲೆಂಡಿನ ಡೊರೊಥಿ ಕೇಲಿ ಅವರ ಪ್ರಯೋಗಗಳಿಂದ. ಆದ್ದರಿಂದ "ಚಿತ್ರಕಾರ ರೋಗವನ್ನು ಸಂಕೇತವಾಗಿ ಬಳಸಿದ್ದಾನೆ" ಅಂತ ಬರೆಯಬೇಡಿ. ಅವನು ಬರೆದದ್ದು ಕಣ್ಣಿಗೆ ಕಂಡ ಚೆಲುವನ್ನು. ಆ ಚೆಲುವೇ ಸಾಯುವ ಲಕ್ಷಣ ಅನ್ನೋದು ನಮಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ.

ಟ್ಯುಲಿಪ್ ಕಂಡ ತಕ್ಷಣ ಟ್ಯುಲಿಪ್ ಹುಚ್ಚಿನ ಕಥೆ, ಅಂದರೆ ಗೆಡ್ಡೆಗಳ ಬೆಲೆ ವಿಪರೀತ ಏರಿ ಕುಸಿದ ಕಥೆ, ಎಳೆದು ತರುವುದೂ ಒಂದು ರೋಗವೇ. ಟ್ಯುಲಿಪ್ ಬೆಳೆಸಿ ಹೆಸರಾದ ಸಸ್ಯತಜ್ಞ ಕರೋಲಸ್ ಕ್ಲೂಸಿಯಸ್ ಲೈಡನ್‌ನ ಸಸ್ಯೋದ್ಯಾನಕ್ಕೆ ಬಂದದ್ದು 1593ರಲ್ಲಿ, ಗೆಡ್ಡೆಗಳ ಬೆಲೆ ಕುಸಿದುಬಿದ್ದದ್ದು 1637ರ ಫೆಬ್ರವರಿಯಲ್ಲಿ. ಬೊಸ್ಕಾರ್ಟ್ 1621ರಲ್ಲೇ ತೀರಿಕೊಂಡಿದ್ದ. ಒಂದು ಹೂಚಿತ್ರವನ್ನು ತಲುಪಿಸಲು ಹೇಗ್‌ಗೆ ಹೋದವನು ಅಲ್ಲೇ ಸತ್ತ, ಆ ಚಿತ್ರದ ಬೆಲೆ ಸಾವಿರ ಗಿಲ್ಡರ್ (ಆಗಿನ ಡಚ್ ನಾಣ್ಯ) ಎಂದು ಅವನ ಮಗಳು ಬರೆದಿಟ್ಟಿದ್ದಾಳೆ. ಅವನ ಟ್ಯುಲಿಪ್‌ನಲ್ಲಿ 1637ರ ಪಾಠ ಹುಡುಕಿದರೆ ಸಿಗುವುದಿಲ್ಲ. 1640ರ ನಂತರದ ಚಿತ್ರವಾದರೆ ಬೇರೆ ಮಾತು. ಆಗ ನೋಡುವವರ ತಲೆಯಲ್ಲಿ ಆ ನೆನಪು ಇದ್ದೇ ಇರುತ್ತದೆ. ಚಿತ್ರದ ಇಸವಿ ಮೊದಲು, ಅರ್ಥ ಆಮೇಲೆ.

ಹಂತ 5: ಹುಳ, ಹುಪ್ಪಟೆ, ಕಟ್ಟೆಯ ಮೇಲಿನ ಸಾಮಾನು

ಈಗ ಹೂವು ಬಿಟ್ಟು ಉಳಿದದ್ದನ್ನು ಹುಡುಕಿ. ಎಲೆಯ ಮೇಲೆ ಕಂಬಳಿಹುಳ, ಕಾಂಡದ ಮೇಲೆ ಇರುವೆ, ಎಸಳಿನ ಮೇಲೆ ನೊಣ, ಕಟ್ಟೆಯ ಮೇಲೆ ಬಸವನಹುಳು. ಹುಳ ಕಂಡರೆ ಅದು ತಿಂದ ಜಾಗವನ್ನೂ ಹುಡುಕಿ. ಎಲೆಯಲ್ಲಿನ ತೂತಿನ ಸುತ್ತ ಕಂದು ಅಂಚು ಬರೆದಿರುತ್ತಾರೆ, ಅಂದರೆ ತೂತು ಇವತ್ತಿನದಲ್ಲ. ಕಂಬಳಿಹುಳವೂ ಚಿಟ್ಟೆಯೂ ಒಂದೇ ಚಿತ್ರದಲ್ಲಿದ್ದರೆ ಸತ್ತು ಮತ್ತೆ ಹುಟ್ಟುವ ಕ್ರೈಸ್ತ ನಂಬಿಕೆಯ ಕಡೆ ಕೈ ತೋರಿಸುತ್ತಿರಬಹುದು. ನೊಣ ಕೊಳೆಯುವಿಕೆಯ ಗುರುತು. ಒಂದೇ ಒಂದು ಚಿಟ್ಟೆ ಸುಮ್ನೆ ಕೂತಿದ್ದರೆ ಅದಕ್ಕೆ ಅಷ್ಟು ಭಾರ ಹೊರಿಸಬೇಡಿ. ಚಿಟ್ಟೆ ಬರೆಯುವುದು ಕೈಚಳಕ ತೋರಿಸುವ ಅವಕಾಶವೂ ಹೌದಲ್ವಾ? ಒಟ್ಟೊ ಮಾರ್ಸಿಯಸ್ ಅನ್ನೋ ಚಿತ್ರಕಾರನಂತೂ ನಿಜವಾದ ಚಿಟ್ಟೆಯ ರೆಕ್ಕೆಯನ್ನೇ ಹಸಿ ಬಣ್ಣದ ಮೇಲೆ ಒತ್ತಿ, ಅದರ ಹುಡಿ ಅಂಟುವ ಹಾಗೆ ಮಾಡುತ್ತಿದ್ದ.

ಕಟ್ಟೆಯ ಮೇಲಿನ ಸಾಮಾನು ಹೆಚ್ಚು ನೇರವಾಗಿ ಮಾತಾಡುತ್ತದೆ. ವಾನ್ ಆಲ್ಸ್ಟ್‌ನ 1663ರ ಚಿತ್ರದಲ್ಲಿ ಅಮೃತಶಿಲೆಯ ಅಂಚಿನಲ್ಲಿ ತೆರೆದ ಜೇಬು ಗಡಿಯಾರ, ಅದಕ್ಕೆ ಕಟ್ಟಿದ ನೀಲಿ ರೇಷ್ಮೆ ರಿಬ್ಬನ್. ಕಾಲ ಓಡುತ್ತಿದೆ ಅನ್ನೋದು ಮೊದಲ ಅರ್ಥ. ಆದರೆ ಆ ಕಾಲದ ಗಡಿಯಾರಕ್ಕೆ ಕೀ ಕೊಡದಿದ್ದರೆ ನಿಂತುಹೋಗುತ್ತಿತ್ತು, ಸಮಯವೂ ಅಷ್ಟು ಸರಿಯಾಗಿ ತೋರಿಸುತ್ತಿರಲಿಲ್ಲ. ಅದನ್ನು ಇಟ್ಟುಕೊಳ್ಳುವುದು ಶ್ರೀಮಂತರ ಶೋಕಿ. ಹಾಗಾಗಿ ಅದು ಸಾವನ್ನು ನೆನಪಿಸುವ ವಸ್ತುವೂ ಹೌದು, ಮನೆಯ ಐಶ್ವರ್ಯ ತೋರಿಸುವ ವಸ್ತುವೂ ಹೌದು. ಬೊಸ್ಕಾರ್ಟ್‌ನ ಕಟ್ಟೆಯ ಮೇಲಿನ ಚಿಪ್ಪುಗಳೂ ಹೀಗೇ. ದೂರದ ಬಿಸಿ ಕಡಲುಗಳಿಂದ ಹಡಗಿನಲ್ಲಿ ಬಂದ ದುಬಾರಿ ಸಾಮಾನು ಅವು, ಒಳಗಿನ ಜೀವ ಮಾತ್ರ ಇಲ್ಲ.

ಡೆ ಗೇನ್‌ನ 1603ರ ಚಿತ್ರ ಇದಕ್ಕೆಲ್ಲ ಮೂಲ ಅನ್ನಬಹುದು. ನಮಗೆ ತಿಳಿದಿರುವ ಬಿಡಿ ವನಿಟಾಸ್ ಚಿತ್ರಗಳಲ್ಲಿ ಅದೇ ಅತಿ ಹಳೆಯದು ಎನ್ನುತ್ತಾರೆ. ಕಲ್ಲಿನ ಗೂಡಿನಲ್ಲಿ ತಲೆಬುರುಡೆ, ಅದರ ಮೇಲೆ ತೇಲುವ ದೊಡ್ಡ ಗುಳ್ಳೆ. ಒಂದು ಪಕ್ಕ ಹೂದಾನಿಯಲ್ಲಿ ಟ್ಯುಲಿಪ್, ಇನ್ನೊಂದು ಪಕ್ಕ ಹೊಗೆಯಾಡುವ ಪಾತ್ರೆ, ಕೆಳಗೆ ನಾಣ್ಯಗಳು. ಮೇಲೆ ಗ್ರೀಕ್ ತತ್ವಜ್ಞಾನಿಗಳಾದ ನಗುವ ಡೆಮಾಕ್ರಿಟಸ್, ಅಳುವ ಹೆರಾಕ್ಲಿಟಸ್. ಮನುಷ್ಯ ನೀರ ಮೇಲಿನ ಗುಳ್ಳೆ ಅನ್ನೋ ಮಾತು ನಮ್ಮಲ್ಲೂ ಇದೆ, ಆದ್ದರಿಂದ ಈ ಚಿತ್ರ ನಮಗೆ ಬೇಗ ಅರ್ಥವಾಗುತ್ತದೆ. ಇಲ್ಲಿ ಹೂವು ಬುರುಡೆಯ ಸಾಲಿನಲ್ಲಿ ನಿಂತಿರುವ ಸಾಕ್ಷಿ. ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತದೆ ಅಂತ ನನಗನ್ನಿಸುತ್ತದೆ, ಆದರೆ ಕಲಿಯುವವರಿಗೆ ಒಳ್ಳೆಯದು.

ಊಸ್ಟರ್‌ವೈಕ್ ಇನ್ನೂ ಜಾಣೆ. ಅವಳ 1668ರ ಮೇಜಿನ ಮೇಲೆ ಬುರುಡೆ, ಮರಳು ಗಡಿಯಾರ, ಆಕಾಶದ ಗೋಳ, ಹೂದಾನಿ ಎಲ್ಲ ಇವೆ. ಅದರ ನಡುವೆ ಒಂದು ಇಲಿ ಕೂತು ತೆನೆ ಕಡಿಯುತ್ತಿದೆ. ಪುಸ್ತಕದ ಮೇಲೆ ಕೆಂಪು ಪಟ್ಟೆಯ ಚಿಟ್ಟೆ, ಅವಳ ಬೇರೆ ಚಿತ್ರಗಳಲ್ಲೂ ಬರುವಂಥದ್ದು. ಲೆಕ್ಕದ ಪುಸ್ತಕವೊಂದಿದೆ, ಅದರ ಮೇಲೆ ಸಾಯಲು ಬದುಕುತ್ತೇವೆ, ಬದುಕಲು ಸಾಯುತ್ತೇವೆ ಅನ್ನುವ ಅರ್ಥದ ಡಚ್ ಸಾಲು. ಈಗ ಗಾಜಿನ ಬಾಟಲಿಗೆ ಜೂಮ್ ಮಾಡಿ. ಅದರ ಹೊಳಪಿನಲ್ಲಿ ಚಿತ್ರ ಬರೆಯುತ್ತಿರುವ ಅವಳೇ ಪುಟ್ಟದಾಗಿ ಕಾಣುತ್ತಾಳೆ. ಎಲ್ಲವೂ ವ್ಯರ್ಥ ಎಂದು ಪಟ್ಟಿ ಮಾಡುತ್ತಲೇ ತನ್ನ ಮುಖವನ್ನು ಉಳಿಸಿಕೊಂಡಿದ್ದಾಳೆ.

ಹಂತ 6: ಅರ್ಥ ಕೇಳುವ ಮೊದಲು ಮೂರು ಪ್ರಶ್ನೆ

ಈಗ ಸಂಕೇತದ ಪಟ್ಟಿ ತೆಗೆಯಬಹುದು. ಹಿಂದಿರುವ ಬೈಬಲ್ ಮಾತುಗಳು ಗೊತ್ತಿದ್ದರೆ ಒಳ್ಳೆಯದು. ಎಲ್ಲವೂ ವ್ಯರ್ಥ ಎನ್ನುವುದು ಪ್ರಸಂಗಿಯ ಮೊದಲ ಅಧ್ಯಾಯದಲ್ಲಿದೆ. ಮನುಷ್ಯರೆಲ್ಲ ಹುಲ್ಲು, ಅವರ ಸೊಬಗು ಹೊಲದ ಹೂವು ಎನ್ನುವುದು ಯೆಶಾಯನ 40ನೇ ಅಧ್ಯಾಯ. ಹೂವಿನ ಹಾಗೆ ಅರಳಿ ಬಾಡುವ ಮನುಷ್ಯ ಯೋಬನ 14ನೇ ಅಧ್ಯಾಯ. ಗೋಧಿಯ ಕಾಳು ಮಣ್ಣಿಗೆ ಬಿದ್ದು ಸತ್ತರೆ ತಾನೇ ಫಲ ಕೊಡುವುದು ಎನ್ನುವುದು ಯೋಹಾನನ 12ನೇ ಅಧ್ಯಾಯ. ಹೂಗುಚ್ಛದ ನಡುವೆ ಒಂದು ಗೋಧಿ ತೆನೆ ಯಾಕೆ ಸೇರಿಕೊಂಡಿದೆ ಎಂದು ಕೇಳಿದರೆ ಉತ್ತರ ಈ ಕೊನೆಯ ಮಾತಿನಲ್ಲಿದೆ. ಯಾನ್ ಡೇವಿಡ್ಸ್ ಡೆ ಹೇಮ್‌ನ ಚಿತ್ರಗಳಲ್ಲಿ ತೆನೆ ಆಗಾಗ ಸಿಗುತ್ತದೆ. ಅವನ ಗಾಜಿನ ಹೂದಾನಿಯಲ್ಲಿ ಕಿಟಕಿಯ ಪ್ರತಿಬಿಂಬ ಇರುತ್ತದೆ. ಕಿಟಕಿಯ ಅಡ್ಡಪಟ್ಟಿಯನ್ನು ಶಿಲುಬೆ ಎಂದು ಓದುವವರೂ ಇದ್ದಾರೆ.

ಯಾವುದೇ ಅರ್ಥ ಹೇಳುವ ಮೊದಲು ಹೀಗೆ ಕೇಳಿ. ಚಿತ್ರದಲ್ಲೇ ಬರಹ ಇದೆಯೇ? ಊಸ್ಟರ್‌ವೈಕ್‌ನ ಲೆಕ್ಕದ ಪುಸ್ತಕದ ಹಾಗೆ ಇದ್ದರೆ ಅನುಮಾನವೇ ಬೇಡ. ಬರಹ ಇಲ್ಲದಿದ್ದರೆ, ಕನಿಷ್ಠ ಎರಡು ಮೂರು ವಸ್ತುಗಳು ಒಂದೇ ಕಡೆ ಬೊಟ್ಟು ಮಾಡುತ್ತಿವೆಯೇ? ಗಡಿಯಾರ, ಉದುರಿದ ಎಸಳು, ನೊಣ ಒಟ್ಟಿಗಿದ್ದರೆ ವಾದ ನಿಲ್ಲುತ್ತದೆ. ಮೂರನೆಯದು ಕಷ್ಟದ ಪ್ರಶ್ನೆ: ಇದು ಸುಮ್ನೆ ಚೆಂದಕ್ಕೆ ಅಥವಾ ಗಿರಾಕಿಯ ತೋಟದಲ್ಲಿತ್ತು ಅಂತ ಬರೆದದ್ದೂ ಆಗಿರಬಹುದಲ್ಲವೇ? ಕಲಾ ಇತಿಹಾಸಕಾರರಲ್ಲೇ ಇಲ್ಲಿ ಎರಡು ಬಣ. ಪ್ರತಿ ವಸ್ತುವಿನ ಹಿಂದೆ ಒಂದು ನೀತಿ ಇದೆ ಎನ್ನುವವರು ಒಂದು ಕಡೆ, ಡಚ್ಚರು ಲೋಕವನ್ನು ಕಣ್ತುಂಬ ನೋಡಿ ದಾಖಲಿಸುವ ಖುಷಿಗೆ ಬರೆದರು ಎನ್ನುವವರು ಇನ್ನೊಂದು ಕಡೆ. ನನ್ನ ಒಲವು ಸ್ವಲ್ಪ ಎರಡನೆಯವರ ಕಡೆ.

ಈ ಪರೀಕ್ಷೆಗೆ ಡಚ್ ಹೂಚಿತ್ರಕಾರ್ತಿ ರಾಖೆಲ್ ರಾಯ್ಶ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹುಟ್ಟಿದ್ದು 1664ರಲ್ಲಿ. ಅಪ್ಪ ಫ್ರೆಡರಿಕ್ ರಾಯ್ಶ್ ಆಮ್‌ಸ್ಟರ್‌ಡ್ಯಾಮ್‌ನ ಅಂಗರಚನಾ ತಜ್ಞ, ಸಸ್ಯಗಳ ಪಂಡಿತ. ಸತ್ತ ದೇಹದ ಭಾಗಗಳನ್ನು ಕೆಡದ ಹಾಗೆ ಕಾಪಾಡುವುದರಲ್ಲಿ ಎತ್ತಿದ ಕೈ. ಭ್ರೂಣಗಳ ಪುಟ್ಟ ಅಸ್ಥಿಪಂಜರಗಳನ್ನು ಜೋಡಿಸಿ, ಕೈಗೆ ಕರವಸ್ತ್ರದ ಹಾಗೆ ದೇಹದೊಳಗಿನ ತೆಳು ಪೊರೆ ಕೊಟ್ಟು, ಅಳುವ ಭಂಗಿಯಲ್ಲಿ ನಿಲ್ಲಿಸುತ್ತಿದ್ದ. ಬದುಕು ಎಷ್ಟು ಚಿಕ್ಕದು ಎಂದು ಹೇಳುವುದಕ್ಕೆ. ರಷ್ಯಾದ ಪೀಟರ್ ದೊರೆ 1717ರಲ್ಲಿ ಆ ಸಂಗ್ರಹವನ್ನೇ ಕೊಂಡುಕೊಂಡ. ಇಂಥ ಮನೆಯಲ್ಲಿ ಬೆಳೆದ ಹುಡುಗಿ ಹದಿನೈದನೇ ವಯಸ್ಸಿಗೆ ವಾನ್ ಆಲ್ಸ್ಟ್‌ನ ಬಳಿ ಕಲಿಯಲು ಸೇರಿದಳು.

ಹಾಗಾದರೆ ಅವರ ಹೂಚಿತ್ರಗಳಲ್ಲಿ ಬುರುಡೆ ತುಂಬಿರಬೇಕಿತ್ತಲ್ಲ? ಇಲ್ಲ. ಬದಲಿಗೆ ಕತ್ತಲೆಯ ಹಿನ್ನೆಲೆಯಲ್ಲಿ ಓರೆಯಾಗಿ ಹಬ್ಬಿದ ಗುಚ್ಛ, ಬಳುಕಿದ ಕಾಂಡಗಳು, ಹುಳ, ಕೆಲವು ಕಡೆ ಹಕ್ಕಿಯ ಗೂಡು, ಮೊಟ್ಟೆ ಕದಿಯಲು ಬಂದ ಹಲ್ಲಿ. ಸಾವು ಇದೆ, ಆದರೆ ತಿನ್ನುವ, ತಿನ್ನಿಸಿಕೊಳ್ಳುವ ಜೀವಿಗಳ ನಡುವಿನ ದಿನನಿತ್ಯದ ಸಂಗತಿಯಾಗಿ ಇದೆ. ಮೂರು ಪ್ರಶ್ನೆಗಳನ್ನು ಇಲ್ಲಿ ಹಾಕಿ ನೋಡಿ: ಬರಹ ಇಲ್ಲ, ವಸ್ತುಗಳು ಒಂದೇ ಕಡೆ ಬೊಟ್ಟು ಮಾಡುವುದಿಲ್ಲ, ಸಸ್ಯಶಾಸ್ತ್ರದ ಆಸಕ್ತಿ ಎದ್ದು ಕಾಣುತ್ತದೆ. ವನಿಟಾಸ್ ಎಂದು ಷರಾ ಬರೆಯಲು ನಾನಂತೂ ಹಿಂಜರಿಯುತ್ತೇನೆ. ರಾಯ್ಶ್ ಹತ್ತು ಮಕ್ಕಳನ್ನು ಹೆತ್ತರು, 1708ರಿಂದ ಡ್ಯುಸೆಲ್‌ಡಾರ್ಫ್‌ನ ಅರಸನಿಗೆ ಆಸ್ಥಾನ ಚಿತ್ರಕಾರರಾಗಿದ್ದರು, 83ನೇ ವಯಸ್ಸಿನ ತನಕ ಬರೆದರು. ಮುಪ್ಪಿನಲ್ಲಿ ಚಿತ್ರದ ಮೇಲೆ ಸಹಿಯ ಜೊತೆ ತಮ್ಮ ವಯಸ್ಸನ್ನೂ ಹಾಕುತ್ತಿದ್ದರು. ಅವರ ಕೊನೆಗಾಲದ ಚಿತ್ರಗಳಲ್ಲಿ ಕಾಲವನ್ನು ಹುಡುಕುವವರು ಮೊದಲು ಆ ಸಹಿಯನ್ನೇ ಓದಬೇಕು.

ಹಂತ 7: ಬಣ್ಣಕ್ಕೂ ವಯಸ್ಸಾಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ

ಎಲೆಗಳು ವಿಚಿತ್ರವಾಗಿ ನೀಲಿಯಾಗಿ ಕಂಡರೆ ಅದರಲ್ಲಿ ಸಂಕೇತ ಹುಡುಕಬೇಡಿ. ಹಸಿರು ಬರಲು ನೀಲಿಯ ಜೊತೆ ಅಥವಾ ಮೇಲೆ ಗಿಡಗಳಿಂದ ತೆಗೆದ ಹಳದಿ ಬಣ್ಣ ಬಳಸುತ್ತಿದ್ದರು. ಆ ಹಳದಿ ಬೆಳಕಿಗೆ ಮಾಸಿಹೋಯಿತು, ನೀಲಿ ಉಳಿಯಿತು. ವಾನ್ ಹಾಯ್ಸಮ್‌ನ ಚಿತ್ರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ಅಬ್ರಹಾಂ ಮಿನ್ಯೋನ್‌ನ ಹೂವು ಮತ್ತು ಗಡಿಯಾರದ ಚಿತ್ರದಲ್ಲಿ ಒಂದು ಹಳದಿ ಗುಲಾಬಿ ಇದೆ. ಸುತ್ತಲಿನ ಹೂವುಗಳೆಲ್ಲ ಉಬ್ಬಿ ತುಂಬಿಕೊಂಡಿದ್ದರೆ ಇದೊಂದು ಮಾತ್ರ ಕಾಗದದಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ. ಎಕ್ಸ್‌-ರೇ ಮೂಲಕ ಪರೀಕ್ಷಿಸಿದ ಸಂಶೋಧಕರು 2022ರಲ್ಲಿ ಕಾರಣ ಪ್ರಕಟಿಸಿದರು. ಮಿನ್ಯೋನ್ ಎಸಳಿನ ನೆರಳು ಬೆಳಕಿಗೆ ಆರ್ಸೆನಿಕ್ ಇರುವ ಆರ್ಪಿಮೆಂಟ್ ಎಂಬ ಹಳದಿ ಬಳಸಿದ್ದ. ನಮ್ಮಲ್ಲಿ ಹರಿದಳ ಎನ್ನುವುದು ಅದಕ್ಕೇ. ಅದು ಕಾಲ ಕಳೆದ ಹಾಗೆ ರಾಸಾಯನಿಕವಾಗಿ ಒಡೆದು ಬಣ್ಣವಿಲ್ಲದ ಪದಾರ್ಥವಾಗಿದೆ. ಆರ್ಸೆನಿಕ್ ಎಲ್ಲೆಲ್ಲಿ ಉಳಿದಿದೆ ಎಂದು ನಕ್ಷೆ ಮಾಡಿದಾಗ ಅವನು ಬರೆದ ಮೂಲ ಗುಲಾಬಿ, ಮಡಿಕೆ ಮಡಿಕೆಯಾಗಿ, ಯಂತ್ರದ ಪರದೆಯ ಮೇಲೆ ಕಂಡಿತು. ಎಂದೂ ಬಾಡದ ಹಾಗೆ ಬರೆದ ಹೂವೂ ಮುನ್ನೂರು ಚಿಲ್ಲರೆ ವರ್ಷಗಳಲ್ಲಿ ಬಾಡಿದೆ. ಇದು ಚಿತ್ರಕಾರ ಇಟ್ಟ ಸಂಕೇತ ಅಲ್ಲ. ಹಾಗಾಗಿ ನೋಟ್‌ಬುಕ್‌ನಲ್ಲಿ ಇದಕ್ಕೆ ಬೇರೆಯದೇ ಜಾಗ ಮಾಡಿ.

ಹಂತ 8: ನೀವೇ ಒಂದು ಗುಚ್ಛ ಕಟ್ಟಿ

ಬರೆಯಲು ಬಂದರೆ ಬರೆಯಿರಿ, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಸಾಕು. ಹೂವಿನ ಅಂಗಡಿಯಿಂದ ಬೇರೆ ಬೇರೆ ವೇಗದಲ್ಲಿ ಬಾಡುವ ಹೂವುಗಳನ್ನೇ ಆರಿಸಿ ತನ್ನಿ. ಮಲ್ಲಿಗೆ ಮರುದಿನಕ್ಕೇ ಕಂದಾಗುತ್ತದೆ. ಗುಲಾಬಿ ಕೆಲವು ದಿನ ತಡೆಯುತ್ತದೆ. ಸುಗಂಧರಾಜ ಕೆಳಗಿನಿಂದ ಒಂದೊಂದೇ ಅರಳುತ್ತಾ,  ಕೆಳಗಿನದು ಬಾಡುವಾಗ ಮೇಲೆ ಇನ್ನೂ ಮೊಗ್ಗು ಇರುತ್ತದೆ. ಅಂದರೆ ಹಂತ 2ರ ಮೂರು ಭಾಗವೂ ಒಂದೇ ಕಡ್ಡಿಯಲ್ಲಿ ಸಿಗುತ್ತದೆ. ಸೇವಂತಿಗೆ ಎಲ್ಲರಿಗಿಂತ ಗಟ್ಟಿ.

ಹಿಂದೆ ಕಪ್ಪು ಬಟ್ಟೆ ಹಾಕಿ. ಬೆಳಕು ಎಡಗಡೆಯ ಒಂದೇ ಕಿಟಕಿಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಅದರ ಜಾಗವನ್ನು ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ದಿನಾ ಒಂದೇ ಹೊತ್ತಿಗೆ ಒಂದು ಫೋಟೋ. ಉದುರಿದ್ದನ್ನು ಎತ್ತಬೇಡಿ, ಇರುವೆ ಬಂದರೆ ಓಡಿಸಬೇಡಿ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮೂರನೇ ದಿನ ಯಾರಾದರೂ ಎತ್ತಿ ಹೊರಗೆ ಹಾಕಿರುತ್ತಾರೆ.

ವಾರದ ನಂತರ ಫೋಟೋಗಳನ್ನು ಎಡಿಟ್ ಮಾಡುವ ಆಪ್‌ನಲ್ಲಿ ಒಂದರ ಮೇಲೊಂದು ಇಟ್ಟು, ಪ್ರತಿ ಹೂವಿಗೂ ನಿಮಗೆ ಬೇಕಾದ ದಿನವನ್ನು ಆರಿಸಿ ಒಂದೇ ಚಿತ್ರ ಮಾಡಿ. ಮಲ್ಲಿಗೆ ಮೊದಲ ದಿನದ್ದು, ಗುಲಾಬಿ ನಾಲ್ಕನೆಯ ದಿನದ್ದು, ಕಟ್ಟೆಯ ಮೇಲಿನ ಎಸಳು ಆರನೆಯ ದಿನದ್ದು. ಯಾವುದನ್ನು ತಾಜಾ ಇಟ್ಟುಕೊಂಡಿರಿ, ಯಾವುದನ್ನು ಬಾಡಲು ಬಿಟ್ಟಿರಿ, ಯಾಕೆ ಎಂದು ಅದರ ಕೆಳಗೆ ಎರಡು ಸಾಲು ಬರೆಯಿರಿ. ಆಮೇಲೆ ಬೊಸ್ಕಾರ್ಟ್‌ನ ಪುಟ ತೆಗೆದು, ಅದೇ ಪ್ರಶ್ನೆಗೆ ಅವನ ಪರವಾಗಿ ಉತ್ತರ ಬರೆಯಿರಿ.